ಲ್ಯಾಟಿನ್ ಪೂಜೆಯನ್ನು ಕಿತ್ತುಕೊಂಡವರು ಯಾರು?

ಸಂಪಾದಕರ ಉತ್ತರ

ಮೈಸೂರು ಕಡೆಯವರು, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಯುವ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ: "ಯೂಟ್ಯೂಬ್‌ನಲ್ಲಿ ಹಳೆಯ ಲ್ಯಾಟಿನ್ ಬಲಿಪೂಜೆ (ಮಾಸ್) ನೋಡಿದ ಮೇಲೆ ನಮ್ಮ ಚರ್ಚಿನ ಪೂಜೆ ಸಪ್ಪೆ ಅನಿಸುತ್ತಿದೆ. ಕೀಬೋರ್ಡು, ಚಪ್ಪಾಳೆ, ಆರತಿ, ಕೊನೆಗೆ ಮುಗಿಯದ ಪ್ರಕಟಣೆಗಳು. ನನ್ನ ಅಜ್ಜಿ ಕಂಡ ಪೂಜೆಯನ್ನು ನಮ್ಮಿಂದ ಕಿತ್ತುಕೊಂಡವರು ಯಾರು? ಪೋಪ್ ಫ್ರಾನ್ಸಿಸ್ ಅದನ್ನು ಯಾಕೆ ನಿಲ್ಲಿಸಿದರು? ಪೋಪ್ ಲಿಯೋ ವಾಪಸ್ ತರುತ್ತಾರಾ? ಸಂತರ ಹಬ್ಬಗಳನ್ನೂ ಮನಸ್ಸಿಗೆ ಬಂದ ದಿನ ಮಾಡುತ್ತಾರೆ. ಸಂತ ಲಾರೆನ್ಸರ ದಿನ ಆಗಸ್ಟ್ 10, ಕಾರ್ಕಳದ ಹತ್ತಿರದ ಅತ್ತೂರಿನಲ್ಲಿ ಅವರ ಹಬ್ಬ ಮಾತ್ರ ಜನವರಿಗೆ. ನಮ್ಮ ಧರ್ಮಕೇಂದ್ರದ ಪಾಲಕ ಸಂತರ ಹಬ್ಬವನ್ನೂ ಭಾನುವಾರಕ್ಕೆ ತಳ್ಳಿದ್ದಾರೆ. ಹಳೇ ಪೂಜೆ ಮಾಡುವ ಬೇರೆ ಗುಂಪಿನವರ ಹತ್ತಿರ ಹೋಗಿಬಿಡಲೇ?"

ಪ್ರಿಯ ಮಿತ್ರರೇ,

ನಿಮ್ಮ ಸಿಟ್ಟು ನನಗೆ ಇಷ್ಟವಾಯಿತು. ಪೂಜೆ ಹೇಗೆ ನಡೆಯುತ್ತಿದೆ ಅಂತ ತಲೆಕೆಡಿಸಿಕೊಳ್ಳುವ ಹುಡುಗರು ಈಗ ಎಷ್ಟು ಜನ ಸಿಗುತ್ತಾರೆ? ಆದರೆ ಆ ಸಿಟ್ಟು ಹೋಗಿ ಬಿದ್ದ ಜಾಗ ಸರಿಯಿಲ್ಲ. ನೀವು ಕಳೆದುಹೋಯಿತು ಎನ್ನುವುದರಲ್ಲಿ ಮುಕ್ಕಾಲು ಪಾಲನ್ನು ರೋಮ್ ಯಾವತ್ತೂ ನಿಷೇಧಿಸಿಲ್ಲ. ಅದನ್ನು ನಾವೇ ಬಿಟ್ಟದ್ದು.

ಮೊದಲು ಭಾಷೆಯ ವಿಷಯ ನೋಡೋಣ. ಲೋಕದ ಧರ್ಮಾಧ್ಯಕ್ಷರೆಲ್ಲ (ಬಿಷಪ್‌ಗಳು) ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಕುರಿತ ತನ್ನ ದಾಖಲೆಯನ್ನು ಹೊರಡಿಸಿದ್ದು 1963ರ ಡಿಸೆಂಬರ್ 4ರಂದು. ಲ್ಯಾಟಿನ್ ಉಳಿಯಬೇಕು, ಜನರ ಭಾಷೆಗೂ ಜಾಗ ಕೊಡಬೇಕು ಅಂತ ಅದು ಎರಡನ್ನೂ ಹೇಳಿತು. ಹಳೆಯ ಲ್ಯಾಟಿನ್ ಹಾಡುಗಾರಿಕೆಯಾದ ಗ್ರೆಗೋರಿಯನ್ ಗಾಯನಕ್ಕೆ ಮೊದಲ ಸ್ಥಾನ ಅಂತಲೂ ಹೇಳಿತು. 1969ರಲ್ಲಿ ಪೋಪ್ ಆರನೇ ಪೌಲ್ ಹೊರತಂದ ಹೊಸ ಪೂಜಾಪುಸ್ತಕದ ಮೂಲ ಪ್ರತಿಯೂ ಲ್ಯಾಟಿನ್ನಿನಲ್ಲೇ ಇದೆ. ನಿಮ್ಮ ಫಾದರ್ ಮನಸ್ಸು ಮಾಡಿದರೆ ನಾಳೆ ಬೆಳಿಗ್ಗೆಯೇ ಲ್ಯಾಟಿನ್ನಿನಲ್ಲಿ ಪೂಜೆ ಮಾಡಬಹುದು. ಪೋಪ್ ಲಿಯೋ 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಇದನ್ನೇ ಹೇಳಿದರು. ಮಹಾಸಭೆಯ ನಂತರದ ವಿಧಿಯಲ್ಲಿ ಲ್ಯಾಟಿನ್ ಪೂಜೆ ಈಗಲೂ ಮಾಡಬಹುದು, ತೊಂದರೆಯೇನಿಲ್ಲ ಅಂತ.

ಹಾಗಾದರೆ ಜಗಳ ಯಾತಕ್ಕೆ? ಹಳೆಯ ಪುಸ್ತಕಕ್ಕೆ. ಹದಿನಾರನೇ ಶತಮಾನದ ಟ್ರೆಂಟ್ ಮಹಾಸಭೆಯ ನಂತರ 1570ರಲ್ಲಿ ಪೋಪ್ ಐದನೇ ಪಿಯುಸ್ ಜಾರಿಗೆ ತಂದ ಪೂಜಾಪುಸ್ತಕ ಅದು. ಅದರ ಕೊನೆಯ ಪರಿಷ್ಕರಣೆ 1962ರದ್ದು. ನೀವು ಯೂಟ್ಯೂಬ್‌ನಲ್ಲಿ ನೋಡಿದ್ದು ಅದೇ ಪುಸ್ತಕದ ಪೂಜೆ. 2007ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಅದರ ಬಳಕೆಗೆ ಧಾರಾಳವಾಗಿ ಅವಕಾಶ ಕೊಟ್ಟರು. 2021ರ ಜುಲೈ 16ರಂದು ಪೋಪ್ ಫ್ರಾನ್ಸಿಸ್ ಲಗಾಮು ಬಿಗಿದರು. ಧರ್ಮಾಧ್ಯಕ್ಷರ ಅನುಮತಿ ಬೇಕು, ಧರ್ಮಕೇಂದ್ರದ ಚರ್ಚುಗಳಲ್ಲಿ ಬೇಡ, ಹೊಸ ಗುಂಪು ಕಟ್ಟುವ ಹಾಗಿಲ್ಲ. ನಿಂತೇ ಹೋಯಿತು ಅನ್ನುವುದು ಪೂರ್ತಿ ನಿಜವಲ್ಲ, ಕಷ್ಟವಾಯಿತು ಅನ್ನುವುದು ನಿಜ.

ಕಾರಣವನ್ನೂ ಅವರು ಮುಚ್ಚಿಡಲಿಲ್ಲ. ಒಗ್ಗಟ್ಟಿಗಾಗಿ ಕೊಟ್ಟ ಸವಲತ್ತನ್ನು ಕೆಲವರು ಎರಡನೇ ವ್ಯಾಟಿಕನ್ ಮಹಾಸಭೆಯನ್ನೇ ತಿರಸ್ಕರಿಸಲು ಬಳಸಿಕೊಂಡರು ಅಂತ ಬರೆದರು. ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಹಳೇ ಪೂಜೆಯನ್ನೇ ಹಿಡಿದ ಒಂದು ಸಂಘ ಕಟ್ಟಿದ್ದ ಫ್ರೆಂಚ್ ಮಹಾಧರ್ಮಾಧ್ಯಕ್ಷ ಮಾರ್ಸೆಲ್ ಲೆಫೆಬ್ರ್ 1988ರ ಜೂನ್ 30ರಂದು ಸ್ವಿಟ್ಜರ್ಲೆಂಡಿನ ಎಕೋನ್‌ನಲ್ಲಿ ಪೋಪರ ಅಪ್ಪಣೆಯಿಲ್ಲದೆ ನಾಲ್ವರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಿದ್ದರು. ಆ ಗಾಯ ಇನ್ನೂ ಮಾಗಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. 2021ರ ಡಿಸೆಂಬರಿನಲ್ಲಿ ವ್ಯಾಟಿಕನ್ ಕಚೇರಿ ಹೊರಡಿಸಿದ ವಿವರಣೆಯಲ್ಲಿ, ಈ ಪೂಜೆಯನ್ನು ಧರ್ಮಕೇಂದ್ರದ ಪೂಜಾ ವೇಳಾಪಟ್ಟಿಯಲ್ಲಿ ಸೇರಿಸುವುದು ಸರಿಯಲ್ಲ ಎಂಬ ಸೂಚನೆಯೂ ಇತ್ತು. ಇದು ಅತಿಯಾಯಿತು ಅಂತ ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಮಂಡಿಯೂರಿ ಜಪಸರ ಹಿಡಿದು ಕೂತ ಹತ್ತಿಪ್ಪತ್ತು ಮಂದಿಯನ್ನು ಕಳ್ಳರ ಹಾಗೆ ಕಾಣಬೇಕಾಗಿರಲಿಲ್ಲ.

ಪೋಪ್ ಲಿಯೋ ಬಂದ ಮೇಲೆ ದನಿ ಸ್ವಲ್ಪ ಮೆತ್ತಗಾಗಿದೆ. 2025ರ ಅಕ್ಟೋಬರ್ 25ರಂದು ಕಾರ್ಡಿನಲ್ ಬರ್ಕ್ ಅವರು ಸಂತ ಪೇತ್ರರ ಮಹಾದೇವಾಲಯದಲ್ಲೇ ಹಳೇ ವಿಧಿಯ ಪೂಜೆ ಮಾಡಿದರು. 2026ರ ಜನವರಿಯಲ್ಲಿ ಪೋಪರು ಕಾರ್ಡಿನಲ್‌ಗಳನ್ನೆಲ್ಲ ರೋಮ್‌ಗೆ ಕರೆಸಿದಾಗ ಚರ್ಚೆಗೆ ಇಟ್ಟ ನಾಲ್ಕು ವಿಷಯಗಳಲ್ಲಿ ದೈವಾರಾಧನೆಯೂ ಒಂದಾಗಿತ್ತು. ಸಮಯ ಇದ್ದದ್ದು ಎರಡಕ್ಕೆ. ಕಾರ್ಡಿನಲ್‌ಗಳು ಬೇರೆ ಎರಡನ್ನು ಆರಿಸಿಕೊಂಡರು. ನಿಮಗೂ ನನಗೂ ಬಿಸಿ ಬಿಸಿ ಅನಿಸುವ ವಿಷಯ ಅವರಿಗೆ ಅಷ್ಟು ತುರ್ತು ಅನಿಸಲಿಲ್ಲ ಅಂತ ಕಾಣುತ್ತದೆ.

ಈಗ ನಿಮ್ಮ ಅಜ್ಜಿಯ ಪೂಜೆಗೆ ಬರೋಣ.

ಹಳೆಯದೆಲ್ಲ ಸಾವಿರಾರು ವರ್ಷ ಹಾಗೇ ಇತ್ತು, 1969ರಲ್ಲಿ ಒಂದೇ ಏಟಿಗೆ ಕೆಡವಿದರು ಅಂತ ನೀವು ಬರೆದಿದ್ದೀರಿ. ಆ 1962ರ ಪುಸ್ತಕವನ್ನೇ ಬಿಡಿಸಿ ನೋಡಿ. ಮೇ 1ರಂದು 'ಕಾರ್ಮಿಕ ಸಂತ ಜೋಸೆಫ್' ಹಬ್ಬ ಇದೆ. ಅದನ್ನು ಹನ್ನೆರಡನೇ ಪಿಯುಸ್ ಶುರು ಮಾಡಿದ್ದು 1955ರಲ್ಲಿ. ಶತಮಾನಗಳಿಂದ ಯಾರೂ ಕೈ ಹಚ್ಚದಿದ್ದ ಪೂಜೆಯ ಮುಖ್ಯ ಪ್ರಾರ್ಥನೆಗೆ ಸಂತ ಜೋಸೆಫರ ಹೆಸರು ಸೇರಿದ್ದು 1962ರ ಕೊನೆಗೆ. ಸೇರಿಸಿದವರು ಪೋಪ್ ಇಪ್ಪತ್ತಮೂರನೇ ಜಾನ್.

ಪಾಸ್ಖ (ಈಸ್ಟರ್) ಜಾಗರಣೆಯ ಕಥೆ ಇನ್ನೂ ಚೆನ್ನಾಗಿದೆ. ಈಗ ನಾವು ಶನಿವಾರ ರಾತ್ರಿ ದೀಪ ಆರಿಸಿ, ಚರ್ಚಿನ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಪಾಸ್ಖ ಮೇಣದಬತ್ತಿ ಹಿಡಿದು ಕತ್ತಲಲ್ಲಿ ಒಳಗೆ ಬರುತ್ತೇವಲ್ಲ? 1950ರ ದಶಕದ ಸುಧಾರಣೆಗಿಂತ ಮುಂಚೆ ಇದು ನಡೆಯುತ್ತಿದ್ದದ್ದು ಶನಿವಾರ ಬೆಳಿಗ್ಗೆ. ಹೊರಗೆ ಬಿಸಿಲು ಸುಡುತ್ತಿರುತ್ತಿತ್ತು. ಕಿಟಕಿಗಳಿಂದ ಬೆಳಕು ಒಳಗೆ ಸುರಿಯುತ್ತಿತ್ತು. ಪೀಠದ ಪಕ್ಕದಲ್ಲಿ ನಿಂತವರು "ಇದೇ ಆ ರಾತ್ರಿ" ಅಂತ ಲ್ಯಾಟಿನ್ನಿನಲ್ಲಿ ಹಾಡುತ್ತಿದ್ದರು! ಮೇಣದಬತ್ತಿಯ ಜ್ವಾಲೆ ಆ ಬಿಸಿಲಲ್ಲಿ ಕಾಣುತ್ತಿದ್ದದ್ದೇ ಅಪರೂಪ. ಜನವೂ ಕಡಿಮೆ. ನೀವು ಪತ್ರದಲ್ಲಿ ಅಷ್ಟು ಹೊಗಳಿದ ಆ ಕತ್ತಲು ಸುಧಾರಣೆಯ ಕೊಡುಗೆ.

ನೀವು ಶನಿವಾರ ಸಂಜೆ ಪೂಜೆಗೆ ಹೋಗುತ್ತೇನೆ ಅಂತಲೂ ಬರೆದಿದ್ದೀರಿ. ಸಂಜೆ ಪೂಜೆಗೆ ಸಾಮಾನ್ಯ ಅವಕಾಶ ಸಿಕ್ಕಿದ್ದು 1953ರಲ್ಲಿ. ಅದಕ್ಕೆ ಮೊದಲು ಪರಮಪ್ರಸಾದ ಸ್ವೀಕರಿಸಬೇಕಾದರೆ ನಡುರಾತ್ರಿಯಿಂದ ಒಂದು ಗುಟುಕು ನೀರನ್ನೂ ಕುಡಿಯುವಂತಿರಲಿಲ್ಲ. ದೂರದ ಹಳ್ಳಿಗಳಿಂದ ನಡೆದು ಬರುತ್ತಿದ್ದ ಬಸುರಿಯರು, ಮುದುಕರು ಎಷ್ಟು ಒದ್ದಾಡಿರಬಹುದು, ಯೋಚಿಸಿ. ಆ ಉಪವಾಸ 1957ರಲ್ಲಿ ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು.

ಅಜ್ಜಿಗೆ ಲ್ಯಾಟಿನ್ ಬರುತ್ತಿರಲಿಲ್ಲ, ಅಲ್ವಾ? ಫಾದರ್ ಪೀಠದ ಕಡೆ ಮುಖ ಮಾಡಿ ತಗ್ಗಿದ ದನಿಯಲ್ಲಿ ಪ್ರಾರ್ಥಿಸುತ್ತಿದ್ದರೆ ಕೆಳಗೆ ಕೂತವರು ತಮ್ಮ ಪಾಡಿಗೆ ಜಪಸರ ಹೇಳುತ್ತಿದ್ದರು. ಗಂಟೆ ಬಾರಿಸಿದಾಗ ತಲೆ ಎತ್ತಿ ಪರಮಪ್ರಸಾದ ನೋಡುತ್ತಿದ್ದರು, ಮತ್ತೆ 'ನಮೋ ಮರಿಯ'ಕ್ಕೆ ಮರಳುತ್ತಿದ್ದರು. ಅವರ ಭಕ್ತಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಭಕ್ತಿ ಮಾತಾಡಿದ್ದು ಮನೆಯ ಭಾಷೆಯಲ್ಲಿ. ಈಗ ಪೀಠದ ಮೇಲಿನ ಮಾತೂ ಕನ್ನಡಕ್ಕೆ ಬಂದಿದೆ. ಬೆಂಗಳೂರಿನಲ್ಲಿ ಅದಕ್ಕೂ ಎಷ್ಟು ಹೋರಾಟ ಆಗಬೇಕಾಯಿತು ಅನ್ನುವುದು ನಿಮ್ಮ ತಂದೆಯ ತಲೆಮಾರಿಗೆ ಗೊತ್ತು, ಕೇಳಿ ನೋಡಿ. ಅಷ್ಟು ಜಗಳವಾಡಿ ಪಡೆದದ್ದನ್ನು ಒಂದು ವಿಡಿಯೋ ನೋಡಿ 'ಸಪ್ಪೆ' ಅಂದುಬಿಡುವುದು ನನಗೆ ಸ್ವಲ್ಪ ನೋವಾಯಿತು.

ಆರತಿಯ ಬಗ್ಗೆ ನಿಮ್ಮ ತಕರಾರಿಗೆ ಚಿಕ್ಕ ಉತ್ತರ. ಅದು ಯಾರೋ ಫಾದರ್ ತಲೆಯಿಂದ ಹೊರಟ ಹುಚ್ಚಲ್ಲ. 1969ರ ಏಪ್ರಿಲ್‌ನಲ್ಲಿ ಭಾರತದ ಧರ್ಮಾಧ್ಯಕ್ಷರು ಕೇಳಿದ 12 ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತ್ತು. ಕೈಮುಗಿದು ನಮಸ್ಕರಿಸುವುದು, ನೆಲದ ಮೇಲೆ ಕೂರುವುದು, ಆರತಿ ಎಲ್ಲ ಅದರಲ್ಲಿದೆ. ಅದಕ್ಕೆ ಮುಂದಾಳಾಗಿ ನಿಂತವರು ನಮ್ಮ ಬೆಂಗಳೂರಿನಲ್ಲೇ ಬೈಬಲ್, ಧರ್ಮಬೋಧನೆ, ದೈವಾರಾಧನೆಗಳ ರಾಷ್ಟ್ರೀಯ ಕೇಂದ್ರ ಎನ್‌ಬಿಸಿಎಲ್‌ಸಿ ಕಟ್ಟಿದ ಫಾದರ್ ಅಮಲೋರ್ಪವದಾಸ್. ಇಷ್ಟವಾಗದಿದ್ದರೆ ಬೇಡ ಅನ್ನಿ, ಅಕ್ರಮ ಅನ್ನಬೇಡಿ. ಕೀಬೋರ್ಡಿನ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಕಡೆ.

ಫಾದರ್ ಯಾವ ಕಡೆ ಮುಖ ಮಾಡಬೇಕು ಅನ್ನುವ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟಬಹುದು ಅಂತ ನೋಡಬೇಕಾದರೆ ಪಕ್ಕದ ಕೇರಳ ಸಾಕು. ಅಲ್ಲಿನ ಕಥೋಲಿಕರದೇ ಆದ ಸಿರೋ-ಮಲಬಾರ್ ಸಭೆಯ ಸಿನೋಡ್ (ಧರ್ಮಾಧ್ಯಕ್ಷರ ಸಭೆ) 2021ರಲ್ಲಿ ಒಂದು ತೀರ್ಮಾನ ಮಾಡಿತು. ಪೂಜೆಯ ಮೊದಲ ಭಾಗದಲ್ಲಿ ಜನರ ಕಡೆ, ಬಲಿಯರ್ಪಣೆಯ ಭಾಗದಲ್ಲಿ ಪೀಠದ ಕಡೆ ಮುಖ. ಎರ್ನಾಕುಲಂ-ಅಂಗಮಾಲಿ ಮಹಾಧರ್ಮಪ್ರಾಂತ್ಯದವರು ಒಪ್ಪಲಿಲ್ಲ. ಗಲಾಟೆ ಪೀಠದವರೆಗೂ ಬಂತು, ಪೊಲೀಸರು ಬಂದರು, ಬಸಿಲಿಕಕ್ಕೆ ಬೀಗ ಬಿತ್ತು. 2025ರ ಜುಲೈ 3ರಿಂದ ಭಾನುವಾರಗಳಂದು ಕನಿಷ್ಠ ಒಂದು ಪೂಜೆ ಸಿನೋಡ್ ಹೇಳಿದ ಏಕರೂಪದ್ದು ಅಂತ ಒಂದು ರಾಜಿಯಾಯಿತು. ಅಲ್ಲಿ ಹಠ ಹಿಡಿದ ಎರಡೂ ಕಡೆಯವರು ಪರಂಪರೆ ಉಳಿಸುತ್ತಿದ್ದೇವೆ ಅಂತಲೇ ಹೇಳಿದರು.

ಆ ಜುಲೈ 3 ಸಂತ ತೋಮಸರ ದಿನ. ಸಂತರ ಹಬ್ಬಗಳ ಬಗ್ಗೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗದು. ನಿಮ್ಮ ಹಳೇ ಪುಸ್ತಕದಲ್ಲಿ ತೋಮಸರ ಹಬ್ಬ ಡಿಸೆಂಬರ್ 21ಕ್ಕೆ. 1969ರ ಹೊಸ ಪಂಚಾಂಗ ಅದನ್ನು ಜುಲೈ 3ಕ್ಕೆ ತಂದಿತು. ಕೇಳಿದರೆ ಹೊಸದು ಅನಿಸುತ್ತದೆ. ಆದರೆ ಸಿರಿಯಾದ ಕ್ರೈಸ್ತರೂ ಕೇರಳದವರೂ ಎಷ್ಟೋ ಕಾಲದಿಂದ ಜುಲೈ 3ನ್ನೇ ಆಚರಿಸುತ್ತಿದ್ದರು. ತೋಮಸರ ಅವಶೇಷಗಳನ್ನು ಹಳೆಯ ಸಿರಿಯಾಕ್ ಕ್ರೈಸ್ತರ ನಗರ ಎಡೆಸ್ಸಾಗೆ ತಂದ ದಿನ ಅದು ಅನ್ನುವ ನಂಬಿಕೆಯಿದೆ. ಅಂದರೆ ರೋಮ್ ಇಲ್ಲಿ ನಮ್ಮ ಕಡೆಯ ಹಳೇ ಲೆಕ್ಕಕ್ಕೆ ಬಂದು ಸೇರಿತು.

ಅತ್ತೂರಿನ ವಿಷಯಕ್ಕೆ ಪುಸ್ತಕವೇ ಬೇಡ. ಆಗಸ್ಟ್ 10ರ ಹೊತ್ತಿಗೆ ಕಾರ್ಕಳದಲ್ಲಿ ಒಂದು ದಿನ ನಿಂತು ನೋಡಿ, ಕೊಡೆಯೇ ನಿಲ್ಲುವುದಿಲ್ಲ. ಆ ಮಳೆಯಲ್ಲಿ ಮೇಣದಬತ್ತಿ ಹಚ್ಚುವುದು ಎಲ್ಲಿ, ಹರಕೆ ಹೊತ್ತು ಬಂದ ಅಷ್ಟೊಂದು ಜನ ನಿಲ್ಲುವುದು ಎಲ್ಲಿ? ಪಂಚಾಂಗದ ಪ್ರಕಾರ ಲಾರೆನ್ಸರ ಪೂಜೆ ಆಗಸ್ಟ್ 10ರಂದು ನಡೆದೇ ನಡೆಯುತ್ತದೆ. ಜನವರಿಯಲ್ಲಿ ದಿನಗಟ್ಟಲೆ ನಡೆಯುವ, ಸಾಂತ್‌ಮಾರಿ ಅಂತ ಕರೆಯುವ ಜಾತ್ರೆ ಊರಿನ ಹಬ್ಬ. ಹಿಂದೂಗಳೂ ಮುಸ್ಲಿಮರೂ ಬರುವ ಹಬ್ಬ. ಇತ್ತ ನಿಮ್ಮ ಮೈಸೂರು ಸೀಮೆಯ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ಹಬ್ಬ ಜೂನ್ 13ಕ್ಕೇ ಆಗುತ್ತದೆ, ಅಲ್ಲಿ ದಿನ ಬದಲಾಗಿಲ್ಲ. ಮಳೆಯೂ ಅಷ್ಟಿಲ್ಲ ಬಿಡಿ.

ಪಾಲಕ ಸಂತರ ಹಬ್ಬವನ್ನು ಭಾನುವಾರಕ್ಕೆ ತರುವ ಪದ್ಧತಿ 1962ರ ನಿಯಮಗಳಲ್ಲೂ ಇದೆ. ನಿಮ್ಮ ಫಾದರ್ ಹೊಸದೇನೂ ಮಾಡಿಲ್ಲ. ವಾರದ ದಿನ ಮಾಡಿದ್ದರೆ ನೀವೇ ರಜೆ ಹಾಕಿ ಬರುತ್ತಿದ್ದಿರಾ?

ಇನ್ನು ಕರಾವಳಿಯ ಮೊಂತಿ ಫೆಸ್ತ್ ನೋಡಿ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ. ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂ ತರುತ್ತಾರೆ, ಗದ್ದೆ ಬದುವಿನ ಹೂವೂ ಇರುತ್ತದೆ, ಅಂಗಳದ ದಾಸವಾಳವೂ ಇರುತ್ತದೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಮನೆಯಲ್ಲಿ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ತೆಂಗಿನ ಹಾಲಿಗೋ ಬೆರೆಸಿ ಎಲ್ಲರೂ ಒಂದೊಂದು ಗುಟುಕು ಕುಡಿಯುತ್ತಾರೆ. ಆಮೇಲೆ ಬಾಳೆ ಎಲೆಯ ಊಟ, ಮೀನು ಮಾಂಸ ಇಲ್ಲ. ದುಬೈನಲ್ಲಿರುವ ಮಂಗಳೂರಿನವರಿಗೂ ಊರಿಂದ ತೆನೆ ಹೋಗುತ್ತದೆ. ಈ ವಿಧಿ 1570ರ ಪುಸ್ತಕದಲ್ಲೂ ಇಲ್ಲ, 1969ರದ್ದರಲ್ಲೂ ಇಲ್ಲ. ಎರಡೂ ಪುಸ್ತಕಗಳ ಕಾಲದಲ್ಲಿ ನಡೆದುಕೊಂಡು ಬಂದಿದೆ. ನೀವು ಪರಂಪರೆ ಅಂತ ಹುಡುಕುತ್ತಿರುವುದರಲ್ಲಿ ಇದಕ್ಕೂ ಪಾಲು ಕೊಡಿ.

ಬೇರೆ ಗುಂಪಿನವರ ಹತ್ತಿರ ಹೋಗಲೇ ಅಂತ ಕೇಳಿದ್ದೀರಿ. ಲೆಫೆಬ್ರ್ ಕಟ್ಟಿದ ಸಂಘಕ್ಕೆ ರೋಮ್ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಆ ನಾಲ್ವರ ಮೇಲಿನ ಬಹಿಷ್ಕಾರವನ್ನು 2009ರಲ್ಲಿ ತೆಗೆಯಲಾಯಿತು. ಅವರ ಗುರುಗಳು ಪಾಪನಿವೇದನೆ ಕೇಳಲು 2015ರಲ್ಲಿ ಅನುಮತಿ ಕೊಟ್ಟವರು ನೀವು ಬೈದ ಅದೇ ಪೋಪ್ ಫ್ರಾನ್ಸಿಸ್. ಆದರೂ ಆ ಸಂಘದ ಸ್ಥಾನಮಾನ ಅದರಿಂದ ಇತ್ಯರ್ಥವಾಗಲಿಲ್ಲ. ನನ್ನನ್ನು ಕೇಳಿದರೆ ಹೋಗಬೇಡಿ. ಮೊದಲು ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕಾಣಿ. ಪರಮಪ್ರಸಾದದ ನಂತರ ಐದು ನಿಮಿಷ ಮೌನ ಕೊಡಿ, ಪ್ರಕಟಣೆಗಳನ್ನು ನೋಟಿಸ್ ಬೋರ್ಡಿಗೆ ಹಾಕಿ, ತಿಂಗಳಿಗೊಂದು ಭಾನುವಾರ ಕೀಬೋರ್ಡಿಗೆ ರಜೆ ಕೊಡಿ ಅಂತ ಕೇಳಿ. ಪಾಲನಾ ಸಮಿತಿಯಲ್ಲಿ ಒಂದಿಬ್ಬರು ಹಿರಿಯರು ನಿಮ್ಮ ಜೊತೆ ನಿಲ್ಲುತ್ತಾರೆ ಅಂತ ನನಗೆ ಧೈರ್ಯವಿದೆ. ಇದಕ್ಕೆ ರೋಮ್‌ನ ಅಪ್ಪಣೆ ಬೇಕಿಲ್ಲ.

ಲ್ಯಾಟಿನ್ನೇ ಬೇಕಾದರೆ ಅದಕ್ಕೂ ದಾರಿ ಇದೆ. ಹೊಸ ಪೂಜೆ ತಂದ ಆರನೇ ಪೌಲರೇ 1974ರಲ್ಲಿ ಲೋಕದ ಎಲ್ಲ ಧರ್ಮಾಧ್ಯಕ್ಷರಿಗೆ 'ಯೂಬಿಲಾತೆ ದೇಯೊ' ಅನ್ನುವ ಪುಟ್ಟ ಹಾಡಿನ ಪುಸ್ತಕ ಕಳಿಸಿದ್ದರು. ಇಷ್ಟಾದರೂ ಲ್ಯಾಟಿನ್ ಗಾಯನ ಜನರಿಗೆ ಬರಲಿ ಅನ್ನುವುದು ಅವರ ಆಸೆ. ಅದರಲ್ಲಿರುವ ಕೀರಿಯೆ, ಸಾಂಕ್ತುಸ್, ಆಞ್ಞುಸ್ ದೇಯಿ ಎಂಬ ಪೂಜೆಯ ಮೂರು ಗೀತೆಗಳನ್ನು ಕನ್ನಡ ಲಿಪಿಯಲ್ಲಿ, ಅರ್ಥದ ಸಮೇತ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿದ್ದೇವೆ. ನಿಮ್ಮ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಲಕೋಟೆ ಕಳಿಸಿ. ಗಾಯನ ತಂಡಕ್ಕೆ ಎಷ್ಟು ಪ್ರತಿ ಬೇಕು ಅಂತಲೂ ಬರೆಯಿರಿ, ಮುಂದಿನ ಸಂಚಿಕೆಯ ಜೊತೆ ಕಳಿಸುತ್ತೇವೆ.

— ಸಂಪಾದಕ