ಧಾರೆಗಿಲ್ಲದವರನ್ನು ಸಂಜೆಗೆ ಕರೆಯುವುದು ಹೇಗೆ?

ಮದುವೆಯ ತಿಂಗಳುಗಳು ಹತ್ತಿರವಾದಂತೆ ನನ್ನ ಆಪ್ತಸಲಹೆಯ ಕೊಠಡಿಗೆ ಬರುವ ಜಗಳಗಳಲ್ಲಿ ಒಂದಕ್ಕೆ ಲಗ್ನಪತ್ರಿಕೆಯೇ ಮೂಲ. ವರದಕ್ಷಿಣೆಯಲ್ಲ, ಒಡವೆಯಲ್ಲ, ಪತ್ರಿಕೆಯ ಒಂದು ಸಾಲು. ಈ ವರ್ಷ ಇದು ನಾಲ್ಕನೆಯದು. ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಮಗಳಿಗೆ 29, ತಾಯಿಗೆ 58. ಬೆಳಿಗ್ಗೆ ಮಲ್ಲೇಶ್ವರದ ದೇವಸ್ಥಾನವೊಂದರಲ್ಲಿ 60 ಜನರೆದುರು ಮುಹೂರ್ತ, ಅದೇ ಸಂಜೆ ಜಯನಗರದ ಛತ್ರದಲ್ಲಿ 400 ಜನರಿಗೆ ಆರತಕ್ಷತೆ. ಸಂಜೆಯವರಿಗೆಂದು ಬೇರೆ ಪತ್ರಿಕೆ. ಅದರ ಕೆಳಗೆ ಮಗಳು ಬರೆಸಿದ್ದ ಸಾಲು: "ಸ್ಥಳಾಭಾವದ ಕಾರಣ ಮುಹೂರ್ತವು ಕುಟುಂಬದವರಿಗೆ ಮಾತ್ರ ಸೀಮಿತ. ದಯವಿಟ್ಟು ಸಹಕರಿಸಿ." ಸುಲ್ತಾನಪೇಟೆಯ ಲಗ್ನಪತ್ರಿಕೆ ಅಂಗಡಿಯವರು ಕಳಿಸಿದ ಕರಡನ್ನು ಮೊಬೈಲಿನಲ್ಲಿ ನೋಡಿದ ತಾಯಿ ಹನ್ನೊಂದು ದಿನ ಮಗಳೊಡನೆ ಮಾತು ಬಿಟ್ಟಿದ್ದರು.

ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಆರತಕ್ಷತೆ ಸಾಮಾನ್ಯವಾಗಿ ಮುಹೂರ್ತದ ಹಿಂದಿನ ಸಂಜೆ. ಎರಡೂ ಒಂದೇ ಛತ್ರದಲ್ಲಿ, ಒಂದೇ ಪತ್ರಿಕೆಯಲ್ಲಿ. ರಜೆ ಸಿಗದವರು ಸಂಜೆ ಬಂದು ಊಟ ಮಾಡಿ ಹೋಗುತ್ತಿದ್ದರು. ಹತ್ತಿರದವರು ಅಲ್ಲೇ ಜಮಖಾನದ ಮೇಲೆ ಮಲಗಿ ಬೆಳಿಗ್ಗೆ ಧಾರೆಗೆ ಏಳುತ್ತಿದ್ದರು. ಯಾವುದಕ್ಕೆ ಬರುವುದೆಂದು ಬರುವವರೇ ತೀರ್ಮಾನಿಸುತ್ತಿದ್ದರು. 2020ರಲ್ಲಿ ಮದುವೆಗೆ 50 ಜನರ ಮಿತಿ ಬಂದಾಗ ಆ ತೀರ್ಮಾನ ಕರೆಯುವವರ ಪಾಲಾಯಿತು. ಮಿತಿ ಹೋದರೂ ಪುಟ್ಟ ಮುಹೂರ್ತದ ರುಚಿ ಉಳಿಯಿತು. ತಪ್ಪೇನಿಲ್ಲ, ಸಾಲ ಮಾಡಿ ಸಾವಿರ ಎಲೆ ಹಾಕಿಸಿದವರನ್ನೂ ನಾನು ಇದೇ ಕೊಠಡಿಯಲ್ಲಿ ನೋಡಿದ್ದೇನೆ.

ಮೂರನೆಯ ಭೇಟಿಯಲ್ಲಿ ಇಬ್ಬರಿಗೂ ಒಂದು ಕೆಲಸ ಕೊಟ್ಟೆ. ಪತ್ರಿಕೆ ವಾಟ್ಸ್‌ಆ್ಯಪ್‌ನಲ್ಲಿ ಹೋದರೂ ಹತ್ತಿರದವರ ಮನೆಗೆ ನಾವು ಕುಂಕುಮದ ಬಟ್ಟಲು ಹಿಡಿದೇ ಹೋಗುತ್ತೇವಲ್ಲ, ಹಾಗೆ ಮಗಳು ಕರೆಯಲು ಬರಬೇಕು. ತಾಯಿ ಅವರ ಹಳೆಯ ವಠಾರದ ಎದುರುಮನೆಯ ಅತ್ತೆಯಾಗಬೇಕು. ಈ ಅತ್ತೆಯ ಮಾತು ಹಿಂದಿನ ಭೇಟಿಯಲ್ಲಿ ಎರಡು ಬಾರಿ ಬಂದಿತ್ತು. ರಕ್ತಸಂಬಂಧವಲ್ಲ, ಬಾಣಂತನದಲ್ಲಿ ಕೂಸಿಗೆ ಎಣ್ಣೆ ಹಚ್ಚಿ ನೀರೆರೆದವರು.

ಮಗಳು ನಗುತ್ತಲೇ ಶುರು ಮಾಡಿದಳು.

"ಅತ್ತೆ, ನನ್ನ ಮದುವೆ. ನೀವು ತಪ್ಪದೆ ಬರಬೇಕು."

"ಯಾವತ್ತು ಪುಟ್ಟಿ?"

"ಭಾನುವಾರ ಸಂಜೆ ಆರೂವರೆಗೆ ಆರತಕ್ಷತೆ."

"ಅದಿರಲಿ, ಧಾರೆ ಎಷ್ಟು ಹೊತ್ತಿಗೆ?"

ಮಗಳು ಕೈಯಲ್ಲಿದ್ದ ಕರಡನ್ನು ನೋಡಿದಳು. "ಮುಹೂರ್ತವು ಕುಟುಂಬದವರಿಗೆ" ಎಂದು ಓದಿ ನಿಲ್ಲಿಸಿದಳು. ಮುಂದಿನ ಪದ ಬಾಯಿಂದ ಹೊರಡಲಿಲ್ಲ. ತಾಯಿ ಅತ್ತೆಯಾಗಿಯೇ ಕೇಳಿದರು: "ಹಾಗಾದರೆ ನಾನು ಎಲ್ಲಿ ನಿಂತು ಅಕ್ಷತೆ ಹಾಕಲಿ?"

ಆರತಕ್ಷತೆ ಎಂಬ ಹೆಸರಿನಲ್ಲಿ ಆರತಿಯೂ ಇದೆ, ಅಕ್ಷತೆಯೂ ಇದೆ. ಈಗಿನ ವೇದಿಕೆಗಳಲ್ಲಿ ಕಾಣುವುದು ಸರದಿಯ ಸಾಲು, ಫೋಟೊ, ಕವರು. ಮಗಳು ಅಷ್ಟು ದಿನವೂ ಊಟದ ಲೆಕ್ಕ ಹಾಕಿದ್ದಳು: ಬೆಳಿಗ್ಗೆಯ ಊಟ ತಪ್ಪಿದವರಿಗೆ ಸಂಜೆ ಅದಕ್ಕಿಂತ ದೊಡ್ಡ ಊಟ ಇದೆಯಲ್ಲ, ಬೇಸರವೇಕೆ ಎಂದು. ತಾಳಿ ಕಟ್ಟುವ ಗಳಿಗೆಯಲ್ಲಿ ನಾಲ್ಕು ಕಾಳು ಹಾಕಲು ಕಾದಿರುವವರು ಇರುತ್ತಾರೆಂಬುದು ಅವಳಿಗೆ ಹೊಳೆದಿರಲಿಲ್ಲ. ತಾಯಿಗೂ ಅದನ್ನು ಬಿಡಿಸಿ ಹೇಳಲು ಬಂದಿರಲಿಲ್ಲ. ಅತ್ತೆಯ ಬಾಯಲ್ಲಿ ಬಂತು.

ಆ ಸಾಲನ್ನು ಪೂರ್ತಿ ತೆಗೆಯಿರಿ ಎಂದೆ. 'ಸೀಮಿತ', 'ಸಹಕರಿಸಿ' ಎಂಬವು ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು ಸಾರುವ ಪ್ರಕಟಣೆಯ ಮಾತುಗಳು. ಯಾವುದಕ್ಕೆ ಕರೆದಿದ್ದೇವೋ ಅಷ್ಟನ್ನು ಹೇಳಿದರೆ ಸಾಕು, ಯಾವುದಕ್ಕೆ ಕರೆದಿಲ್ಲ ಎಂಬುದನ್ನು ಅಚ್ಚು ಹಾಕಿಸಬಾರದು. ಹಾಗೆಂದು ಮುಚ್ಚಿಡುವುದೂ ಬೇಡ. ಮೇಲೆ 'ವಿವಾಹ ಮಹೋತ್ಸವ' ಎಂದು ಹಾಕಿ ಕೆಳಗೆ ಸಂಜೆಯ ಸಮಯ ಮಾತ್ರ ಕೊಟ್ಟರೆ, ಮುಹೂರ್ತ ಬಿಟ್ಟುಹೋಗಿದೆ ಎಂದುಕೊಂಡು ಹತ್ತು ಜನ ಫೋನ್ ಮಾಡುತ್ತಾರೆ. ಕೊನೆಗೆ ಮೂವರೂ ಕುಳಿತು ಬರೆದದ್ದು ಹೀಗೆ: "ನಮ್ಮ ಮಗಳ ಮದುವೆ ಅಂದು ಬೆಳಿಗ್ಗೆ ದೇವರ ಸನ್ನಿಧಿಯಲ್ಲಿ ನಡೆಯುತ್ತದೆ. ಸಂಜೆ 6-30ರ ಆರತಕ್ಷತೆಗೆ ತಾವು ಮನೆಮಂದಿಯೊಂದಿಗೆ ಬಂದು, ಮಕ್ಕಳನ್ನು ಹರಸಿ, ನಮ್ಮೊಡನೆ ಊಟ ಮಾಡಬೇಕು." ಊಟವಿಲ್ಲದೆ ತಿಂಡಿ ಮಾತ್ರವಿದ್ದರೆ ಅದನ್ನೂ ಬರೆಯಬೇಕು, ಸಕ್ಕರೆ ಕಾಯಿಲೆಯ ಹಿರಿಯರು ಊಟ ನಂಬಿಕೊಂಡು ಬಂದಿರುತ್ತಾರೆ. ಇನ್ನು, ಯಾರಿಗೆ ನಿಜವಾಗಿ ನೋವಾಗುತ್ತದೆಯೋ ಅವರಿಗೆ ಪತ್ರಿಕೆ ತಲುಪುವ ಮೊದಲೇ ಬಾಯಿಮಾತಿನಲ್ಲಿ ತಿಳಿಸಬೇಕು. ತಾಯಿ ಎಣಿಸಿದಾಗ ಅಂಥವರು ನಾನೂರರಲ್ಲಿ ಏಳೇ ಮಂದಿ.

ಪತ್ರಿಕೆ ಬರೆದುಕೊಡುವುದು ಆಪ್ತಸಲಹೆಗಾರರ ಕೆಲಸವಲ್ಲ, ಬಂದವರೇ ದಾರಿ ಕಂಡುಕೊಳ್ಳಬೇಕು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ತತ್ತ್ವವಾಗಿ ಒಪ್ಪುತ್ತೇನೆ. ಆದರೆ ಮರುದಿನ ಪತ್ರಿಕೆ ಅಚ್ಚಿಗೆ ಹೋಗುವುದಿತ್ತು. ಅಚ್ಚಾದ ಸಾಲನ್ನು ಯಾವ ಸಂವಾದವೂ ಅಳಿಸಲಾರದು. ಅತ್ತೆಯನ್ನು ಧಾರೆಗೆ ಕರೆಯಿರಿ ಎಂದು ಮಾತ್ರ ನಾನು ಹೇಳಲಿಲ್ಲ. ನಾಲಿಗೆ ತುದಿಗೆ ಬಂದಿತ್ತು, ನಿಜ. ಆದರೆ ಆ ಅರವತ್ತರಲ್ಲಿ ಅರ್ಧ ಗಂಡಿನ ಕಡೆಯವರದು.

ಮಗಳು ತನ್ನ ಕಚೇರಿಯ ಗೆಳತಿಯೊಬ್ಬಳನ್ನು ಸಂಜೆಗೆ ಒಪ್ಪಿಸಿ ಆ ಜಾಗದಲ್ಲಿ ಅತ್ತೆಯನ್ನು ಕರೆದಳು. ಉಳಿದ ಆರು ಮನೆಗೆ ತಾಯಿ ಮಗಳು ಒಟ್ಟಿಗೆ ಹೋಗಿ ಹೇಳಿದರು. ನಾಲ್ವರು ಒಪ್ಪಿದರು. ಒಬ್ಬರು "ನೋಡೋಣ" ಎಂದರು. ತಾಯಿಯ ದೊಡ್ಡಪ್ಪನ ಮಗ ಪತ್ರಿಕೆಯನ್ನೇನೋ ತೆಗೆದುಕೊಂಡರು, ಕಾಫಿ ಕೊಡಲಿಲ್ಲ. ಸಂಜೆಗೂ ಬರಲಿಲ್ಲವೆಂದು ಆಮೇಲೆ ತಾಯಿ ಫೋನಿನಲ್ಲಿ ಹೇಳಿದರು.