ಸಂಪಾದಕರ ಉತ್ತರ: ನಿಮ್ಮ ಮೊಮ್ಮಗ ಗೀಚುತ್ತಿದ್ದ ಆ ಹಾಳೆ

ಓದುಗರ ಪತ್ರ: "ಸಂಪಾದಕರಿಗೆ ನಮಸ್ಕಾರ. ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಳಿಯ ನಮ್ಮನ್ನೆಲ್ಲ ಬೇಸ್‌ಬಾಲ್ ಮ್ಯಾಚ್‌ಗೆ ಕರೆದುಕೊಂಡು ಹೋದರು. ಎರಡೂವರೆ ಗಂಟೆ ಕೂತೆ. ಕೊನೆಗೆ ಸ್ಕೋರು 2–1. ಮುಕ್ಕಾಲು ಹೊತ್ತು ಎಲ್ಲರೂ ಸುಮ್ನೆ ನಿಂತಿರುತ್ತಾರೆ. ಆದರೆ ನನ್ನ ಹನ್ನೊಂದು ವರ್ಷದ ಮೊಮ್ಮಗ ಒಂದು ಹಾಳೆಯಲ್ಲಿ ಏನೇನೋ ಗೀಚುತ್ತಾ, ಉಸಿರು ಬಿಗಿಹಿಡಿದು ನೋಡುತ್ತಿದ್ದ. ಮರುದಿನ ಅವನದೇ ಮ್ಯಾಚ್ ಇತ್ತು. ಮೂರು ಸಲ ಬ್ಯಾಟ್ ಹಿಡಿದ, ಮೂರು ಸಲವೂ ಔಟಾದ. ನನಗೆ ಕರುಳು ಚುರ್ ಎಂದಿತು. ಅವನು ಮಾತ್ರ 'ಕೊನೇದು ಚೆನ್ನಾಗಿತ್ತು ತಾತ, ಎಂಟು ಚೆಂಡು ಆಡಿಸಿದೆ' ಅಂದ. ಈ ಆಟದಲ್ಲಿ ಅಂಥದ್ದೇನಿದೆ? ತಿಳಿದಿದ್ದರೆ ಬರೆಯಿರಿ."

ನಮಸ್ಕಾರ. ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಬೇಜಾರಾಯಿತು ಅಂತ ಬರೆದು ಅಲ್ಲಿಗೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ನೀವು ಮೊಮ್ಮಗನ ಮುಖ ನೋಡಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

'ಸುಮ್ನೆ ನಿಂತಿರುತ್ತಾರೆ' ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ನನಗೆ ಈ ಆಟದ ಹುಚ್ಚು ಹಿಡಿಸಿದ್ದೇ ಆ ನಿಂತಿರುವ ಹೊತ್ತು.

ಚೆಂಡು ಎಸೆಯುವವನು, ಅಂದರೆ ಪಿಚರ್, ನಿಲ್ಲುವ ದಿಬ್ಬಕ್ಕೂ ಬ್ಯಾಟರ್ ಪಕ್ಕದ ಹೋಂ ಪ್ಲೇಟ್‌ಗೂ ನಡುವೆ 60 ಅಡಿ 6 ಅಂಗುಲ. 1893ರಿಂದ ಈ ಅಳತೆ ಬದಲಾಗಿಲ್ಲ. ಗಂಟೆಗೆ 150 ಕಿ.ಮೀ. ವೇಗದಲ್ಲಿ ಎಸೆದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಬ್ಯಾಟು ಬೀಸುವುದಕ್ಕೂ ಅದರೊಳಗೇ ಹೊತ್ತು ಬೇಕು. ಚೆಂಡನ್ನು ಪೂರ್ತಿ ನೋಡಿ ಆಮೇಲೆ ಹೊಡೆಯೋಣ ಅಂದರೆ ಆಗುವ ಮಾತಲ್ಲ. ಏನು ಬರುತ್ತದೆ ಅಂತ ಮೊದಲೇ ಅರ್ಧ ಊಹಿಸಿರಬೇಕು. ನೇರವಾಗಿ ನುಗ್ಗುವ ಚೆಂಡೋ, ಕೊನೇ ಗಳಿಗೆಯಲ್ಲಿ ಜಾರಿ ಕೆಳಗಿಳಿಯುವ ಚೆಂಡೋ, ಅದೇ ಕೈಬೀಸಿನಲ್ಲಿ ನಿಧಾನವಾಗಿ ಬಂದು ಏಮಾರಿಸುವ ಚೆಂಡೋ. ಆ ಊಹೆ ನಡೆಯುವುದು ಎಲ್ಲರೂ ಸುಮ್ನೆ ನಿಂತಿದ್ದಾರೆ ಅಂತ ನಿಮಗೆ ಅನಿಸಿದ ಹೊತ್ತಿನಲ್ಲಿಯೇ.

ಸ್ಟ್ರೈಕ್ ಮತ್ತು ಬಾಲ್ ಲೆಕ್ಕ ಅಂತ ಒಂದಿದೆ. ಹೊಡೆಯಬಹುದಾದ ಜಾಗಕ್ಕೆ ಬಂದ ಚೆಂಡನ್ನು ಬಿಟ್ಟರೆ ಅಥವಾ ಬೀಸಿದರೂ ತಾಗದಿದ್ದರೆ ಸ್ಟ್ರೈಕ್. ಮೂರಾದರೆ ಔಟ್. ಆ ಜಾಗದ ಹೊರಗೆ ಹೋದ ಚೆಂಡಿಗೆ ಬೀಸದಿದ್ದರೆ ಬಾಲ್. ನಾಲ್ಕಾದರೆ ಬ್ಯಾಟರ್ ಆರಾಮಾಗಿ ನಡೆದು ಮೊದಲ ಬೇಸ್‌ಗೆ, ಅಂದರೆ ರನ್ನಿಗಾಗಿ ಸುತ್ತಿ ಬರಬೇಕಾದ ನೆಲೆಗಳಲ್ಲಿ ಮೊದಲನೆಯದಕ್ಕೆ, ಹೋಗಬಹುದು. ಇಷ್ಟೇ ನಿಯಮ. ಆದರೆ ಒಂದೊಂದು ಚೆಂಡಿಗೂ ಇಬ್ಬರ ಧೈರ್ಯ ಏರಿಳಿಯುತ್ತದೆ. ಎರಡು ಸ್ಟ್ರೈಕ್ ಬಿದ್ದು ಬಾಲ್ ಒಂದೂ ಇಲ್ಲ ಅಂದರೆ ಆಟ ಪಿಚರ್ ಕೈಯಲ್ಲಿದೆ. ಅವನು ಆಸೆ ತೋರಿಸುವ ಚೆಂಡನ್ನು ಹೊರಗೆ ಹಾಕಬಹುದು, ಬ್ಯಾಟರ್ ಹೆದರಿ ಬೀಸುತ್ತಾನೆ. ಮೂರು ಬಾಲ್, ಒಂದೇ ಸ್ಟ್ರೈಕ್ ಅಂದರೆ ಅದೇ ಪಿಚರ್ ಈಗ ಒಳಗೆ ಎಸೆಯಲೇಬೇಕು. ಬ್ಯಾಟರ್‌ಗೂ ಅದು ಗೊತ್ತು. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಮೊಣಕಾಲ ಮಧ್ಯೆ ಬೆರಳು ಮರೆಮಾಡಿ ಯಾವ ಚೆಂಡು ಅಂತ ಹೇಳುತ್ತಾನೆ. ಈಚೆಗೆ ದೊಡ್ಡ ಲೀಗ್‌ನಲ್ಲಿ (ಮೇಜರ್ ಲೀಗ್) ಗುಂಡಿ ಒತ್ತಿ ಹೇಳುವ ಸಾಧನವೂ ಬಂದಿದೆ. ಪಿಚರ್ ಒಪ್ಪದೆ ತಲೆ ಆಡಿಸುತ್ತಾನೆ. ಹಿಂದೆ ಫೀಲ್ಡರ್‌ಗಳು ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ. ಇಷ್ಟೂ ಮಾತುಕತೆ, ಒಂದೂ ಸದ್ದಿಲ್ಲ.

ಕ್ರಿಕೆಟ್‌ನಲ್ಲಿ ಒಳ್ಳೆ ಚೆಂಡನ್ನು ತಡೆದು ದಿನಗಟ್ಟಲೆ ನಿಲ್ಲಬಹುದು, ಸುತ್ತ ಎಲ್ಲಿ ಬೇಕಾದರೂ ಹೊಡೆಯಬಹುದು. ಇಲ್ಲಿ ಹಾಗಿಲ್ಲ. ಎರಡು ಗೆರೆಗಳ ಮಧ್ಯದ ಕಾಲುಭಾಗ ಮಾತ್ರ ನಿಮ್ಮದು. ಅದರಾಚೆ ಹೋದರೆ ಫೌಲ್. ಆದರೆ ಅದರಲ್ಲೂ ಒಂದು ದಾರಿ ಇದೆ. ಎರಡು ಸ್ಟ್ರೈಕ್ ಆದ ಮೇಲೆ ಬ್ಯಾಟು ಬೀಸಿ ಎಷ್ಟು ಫೌಲ್ ಹೊಡೆದರೂ ಮೂರನೇ ಸ್ಟ್ರೈಕ್ ಆಗುವುದಿಲ್ಲ. ಪಿಚರ್ ಇನ್ನೊಂದು ಎಸೆಯಬೇಕು, ಮತ್ತೊಂದು ಎಸೆಯಬೇಕು, ತೋಳು ದಣಿಯಬೇಕು. ನಿಮ್ಮ ಮೊಮ್ಮಗ 'ಎಂಟು ಚೆಂಡು ಆಡಿಸಿದೆ' ಅಂದನಲ್ಲ, ಅದು ಸಮಾಧಾನದ ಮಾತಲ್ಲ. ಕೊನೆಗೆ ಔಟಾದರೂ ಎಂಟು ಚೆಂಡು ಎಸೆಸಿದ ಹುಡುಗನ ಬೆನ್ನನ್ನು ಡಗೌಟಿನಲ್ಲಿ ಎಲ್ಲರೂ ತಟ್ಟುತ್ತಾರೆ. ಅವನು ನಿಜವನ್ನೇ ಹೇಳಿದ್ದಾನೆ.

ಮೂರು ಸಲ ಔಟಾದದ್ದರ ಬಗ್ಗೆ ನಿಮಗೆ ನೋವಾಯಿತು, ಅದು ತಾತನ ಮನಸ್ಸು. ಆದರೆ ಹತ್ತು ಸಲದಲ್ಲಿ ಮೂರು ಸಲ ಹಿಟ್ ಹೊಡೆಯುವವನನ್ನು, ಅಂದರೆ ಹೊಡೆದು ಬೇಸ್ ತಲುಪುವವನನ್ನು, ಈ ಆಟ ಒಳ್ಳೆಯ ಬ್ಯಾಟರ್ ಅನ್ನುತ್ತದೆ. ಉಳಿದ ಏಳು ಸಲ ಅವನು ತಲೆತಗ್ಗಿಸಿ ವಾಪಸ್ ನಡೆಯುತ್ತಾನೆ. 1941ರಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್‌ಗೆ 23 ವರ್ಷ. ಸೀಸನ್ನಿನ ಕೊನೇ ದಿನ ಅವನ ಸರಾಸರಿ .39955, ಅಂದರೆ ಹತ್ತಕ್ಕೆ ನಾಲ್ಕು ಹಿಟ್‌ಗಿಂತ ಕೂದಲೆಳೆಯಷ್ಟು ಕಡಿಮೆ. ದಾಖಲೆಯಲ್ಲಿ ಅದನ್ನು .400 ಅಂತಲೇ ಬರೆಯುತ್ತಿದ್ದರು. ಬೇಕಾದರೆ ಆಡದೆ ಕೂರು ಅಂತ ಮ್ಯಾನೇಜರ್ ಹೇಳಿದರು. ಕೂತಿದ್ದರೆ ಸಾಕಿತ್ತು. ಅವನು ಕೂರಲಿಲ್ಲ. ಫಿಲಡೆಲ್ಫಿಯಾದಲ್ಲಿ ಅವತ್ತು ಒಂದರ ಹಿಂದೆ ಒಂದು ಎರಡು ಮ್ಯಾಚ್, ಎರಡನ್ನೂ ಆಡಿದ. ಎಂಟು ಸಲದಲ್ಲಿ ಆರು ಹಿಟ್, ಸರಾಸರಿ .406. ದೊಡ್ಡ ಲೀಗ್‌ನ ಎರಡು ಭಾಗಗಳಾದ ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎರಡರಲ್ಲೂ ಅಂದಿನಿಂದ ಇಂದಿನವರೆಗೆ ಯಾರೂ .400 ಮುಟ್ಟಿಲ್ಲ. ಆ .406ರ ಒಳಗೂ ಹತ್ತಕ್ಕೆ ಸುಮಾರು ಆರು ಸಲ ಸೋಲಿದೆ ನೋಡಿ.

ಹಾಗಾದರೆ ಆಡುವವರಿಗೆ ಏನು ಸಿಗುತ್ತದೆ? ಸರಿಯಾಗಿ ತಾಗಿದಾಗಿನ ಆ ಒಂದು ಕ್ಷಣ ಸಿಗುತ್ತದೆ. ಬ್ಯಾಟಿನ ತಪ್ಪು ಜಾಗಕ್ಕೆ ಚೆಂಡು ಬಡಿದರೆ ಎರಡೂ ಅಂಗೈ ಜುಮ್ಮೆನ್ನುತ್ತದೆ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಸರಿಯಾದ ಜಾಗಕ್ಕೆ ಬಡಿದರೆ ಕೈಗೆ ಏನೂ ಗೊತ್ತೇ ಆಗುವುದಿಲ್ಲ. ಬ್ಯಾಟು ಅಲ್ಲಿ ಅದುರುವುದಿಲ್ಲ, ಅಷ್ಟೇ ಕಾರಣ. ಗಾಳಿಯನ್ನು ಸೀಳಿದ ಹಾಗೆ ಇರುತ್ತದೆ, ಆಮೇಲೆ ಸದ್ದು ಕೇಳುತ್ತದೆ. ಒಮ್ಮೆ ಹಾಗೆ ಹೊಡೆದವರು ಅದಕ್ಕಾಗಿ ಎಷ್ಟು ಸಲ ಬೇಕಾದರೂ ಔಟಾಗಲು ತಯಾರಿರುತ್ತಾರೆ.

ನೋಡುವವರ ವಿಷಯಕ್ಕೆ ಬರುತ್ತೇನೆ. ಈ ಆಟಕ್ಕೆ ಕೊನೇ ಗಂಟೆ ಅಂತ ಇಲ್ಲ. 2023ರಿಂದ ಪಿಚರ್ ಇಷ್ಟು ಸೆಕೆಂಡಿನಲ್ಲಿ ಎಸೆಯಬೇಕು ಅಂತ ಗಡಿಯಾರ ಇಟ್ಟಿದ್ದಾರೆ, ನಿಮ್ಮ ಮ್ಯಾಚ್ ಎರಡೂವರೆ ಗಂಟೆಯಲ್ಲಿ ಮುಗಿದದ್ದು ಅದರಿಂದಲೇ. ಆದರೆ ಮುಂದಿರುವ ತಂಡ ಹೊತ್ತು ಕಳೆದು ಗೆಲ್ಲುವ ಹಾಗಿಲ್ಲ. ಕೊನೇ ಔಟನ್ನು ದುಡಿದೇ ಪಡೆಯಬೇಕು. ಅಲ್ಲಿಯವರೆಗೆ ಎದುರಾಳಿಗೆ ಬಾಗಿಲು ತೆರೆದಿರುತ್ತದೆ. 1981ರ ಏಪ್ರಿಲ್‌ನಲ್ಲಿ ರೋಡ್ ಐಲೆಂಡ್‌ನ ಪಾಟಕೆಟ್ ಎಂಬಲ್ಲಿ ದೊಡ್ಡ ಲೀಗ್‌ಗಿಂತ ಕೆಳಗಿನ ವೃತ್ತಿಪರ ಲೀಗ್‌ನ ಒಂದು ಮ್ಯಾಚ್ ಸಮವಾಗಿಯೇ ಉಳಿದು, ಎಂದಿನ ಒಂಬತ್ತು ಇನಿಂಗ್ಸ್ ದಾಟಿ, 32 ಇನಿಂಗ್ಸ್ ನಡೆಯಿತು. ಬೆಳಗಿನ ಜಾವ 4 ದಾಟಿದ ಮೇಲೆ ನಿಲ್ಲಿಸಿದರು. ಆಗ 19 ಜನ ಇನ್ನೂ ಕೂತಿದ್ದರು. ಆ ಚಳಿಯಲ್ಲಿ ಆಟಗಾರರು ಮುರಿದ ಬ್ಯಾಟುಗಳನ್ನು ಸುಟ್ಟು ಮೈ ಕಾಯಿಸಿಕೊಂಡಿದ್ದರು. ಜೂನ್‌ನಲ್ಲಿ ಮತ್ತೆ ಸೇರಿ ಆಡಿದಾಗ 18 ನಿಮಿಷದಲ್ಲಿ, 33ನೇ ಇನಿಂಗ್ಸ್‌ನಲ್ಲಿ ಮುಗಿಯಿತು. ಆ 19 ಜನರಲ್ಲಿ ಒಬ್ಬನಾಗಿರಬೇಕಿತ್ತು ಅಂತ ನನಗೆ ಇವತ್ತಿಗೂ ಆಸೆ.

ದೊಡ್ಡ ಲೀಗ್‌ನಲ್ಲಿ ಒಂದು ತಂಡ ವರ್ಷಕ್ಕೆ 162 ಮ್ಯಾಚ್ ಆಡುತ್ತದೆ. ಹೆಚ್ಚುಕಡಿಮೆ ದಿನಾ ಒಂದು. ಒಳ್ಳೆ ತಂಡವೂ ಅರವತ್ತು ಸಲ ಸೋಲುತ್ತದೆ. ಹಾಗಾಗಿ ಅಭಿಮಾನಿಗೆ ಅದು ಹಬ್ಬವಲ್ಲ, ಮನೆಯ ದಿನನಿತ್ಯ. ಅಡುಗೆ ಮಾಡುತ್ತಾ ರೇಡಿಯೋ ಕೇಳುತ್ತಾರೆ, ನಿದ್ದೆ ಬರುವವರೆಗೆ ಕೇಳುತ್ತಾರೆ. ಶಿಕಾಗೋ ಕಬ್ಸ್ ತಂಡ 1908ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಪ್ರಶಸ್ತಿ ಸರಣಿ, ಗೆದ್ದದ್ದು, ಮತ್ತೆ ಗೆದ್ದದ್ದು 2016ರಲ್ಲಿ. ಏಳನೇ ಮ್ಯಾಚ್, ಹತ್ತನೇ ಇನಿಂಗ್ಸ್, 8–7. ಆಗ ಜನ ಕಬ್ಸ್‌ನ ತವರು ಮೈದಾನ ರಿಗ್ಲಿ ಫೀಲ್ಡ್‌ನ ಇಟ್ಟಿಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದರು. ಕಾದು ಕಾದು ತೀರಿಕೊಂಡ ಅಪ್ಪಂದಿರ, ಅಜ್ಜಿಯರ ಹೆಸರು. ಮಳೆ ಬಂದರೆ ಅಳಿಸಿಹೋಗುತ್ತದೆ ಅಂತ ಗೊತ್ತಿದ್ದೂ ಬರೆದರು.

ಇನ್ನು ಆ ಹಾಳೆ. ಅದು ಸ್ಕೋರ್ ಕಾರ್ಡ್. ಮೈದಾನದ ಒಂಬತ್ತು ಜಾಗಕ್ಕೂ ಒಂದೊಂದು ಅಂಕೆ ಇದೆ. ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಎರಡನೇ, ಮೂರನೇ ಬೇಸ್‌ಗಳ ಮಧ್ಯೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೊರಗಿನ ಮೂವರು ಎಡದಿಂದ 7, 8, 9. ಅವನು 6-4-3 ಅಂತ ಬರೆದಿದ್ದರೆ ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಎರಡನೇ ಬೇಸ್‌ಗೆ ಎಸೆದ, ಅಲ್ಲಿಂದ ಮೊದಲ ಬೇಸ್‌ಗೆ ಹೋಯಿತು, ಇಬ್ಬರು ಔಟ್ ಅಂತ ಅರ್ಥ. ಸ್ಟ್ರೈಕ್‌ನಿಂದ ಔಟಾದರೆ ಇಂಗ್ಲಿಷಿನ ಕೆ ಅಕ್ಷರ. ಬೀಸದೆ ನೋಡುತ್ತಾ ನಿಂತು ಔಟಾದರೆ ಆ ಅಕ್ಷರವನ್ನೇ ತಿರುಗಿಸಿ ಬರೆಯುತ್ತಾರೆ. 19ನೇ ಶತಮಾನದಲ್ಲಿ ಹೆನ್ರಿ ಚಾಡ್ವಿಕ್ ಎಂಬ ಪತ್ರಕರ್ತ ಶುರು ಮಾಡಿದ ಪದ್ಧತಿ ಇದು. ಹಾಳೆ ಸಿಕ್ಕರೆ ಐವತ್ತು ವರ್ಷ ಬಿಟ್ಟು ಯಾರು ಬೇಕಾದರೂ ಆ ಸಂಜೆಯನ್ನು ಬ್ಯಾಟರ್ ಬ್ಯಾಟರ್ ಆಗಿ ಓದಿಕೊಳ್ಳಬಹುದು.

ಹಾಳೆಯಲ್ಲಿ ಸೇರದ್ದೂ ಇದೆ. ಒಂಬತ್ತು ಇನಿಂಗ್ಸ್‌ಗೆ ಮೂರು ಮೂರರಂತೆ ಬ್ಯಾಟ್ ಹಿಡಿದು ಬರುವ ಎದುರಾಳಿಯ 27 ಜನರನ್ನು ಒಬ್ಬರೂ ಬೇಸ್ ಮುಟ್ಟದ ಹಾಗೆ ಔಟ್ ಮಾಡಿದರೆ ಅದು ಪರ್ಫೆಕ್ಟ್ ಗೇಮ್. ಎರಡು ಲಕ್ಷಕ್ಕೂ ಹೆಚ್ಚು ಮ್ಯಾಚ್‌ಗಳಲ್ಲಿ 2023ರವರೆಗೆ ಹಾಗೆ ಆದದ್ದು 24 ಸಲ. 2010ರ ಜೂನ್ 2ರಂದು ಡೆಟ್ರಾಯ್ಟ್‌ನಲ್ಲಿ ಅರ್ಮಾಂಡೋ ಗಲರಾಗಾ 26 ಜನರನ್ನು ಔಟ್ ಮಾಡಿದ್ದ. 27ನೆಯವನು ಹೊಡೆದ ಚೆಂಡು ನೆಲದಲ್ಲಿ ಉರುಳಿತು, ಫೀಲ್ಡರ್ ಹಿಡಿದು ಎಸೆದ, ಗಲರಾಗಾ ತಾನೇ ಓಡಿಬಂದು ಮೊದಲ ಬೇಸ್‌ನಲ್ಲಿ ಹಿಡಿದ. ಔಟ್. ಎಲ್ಲರಿಗೂ ಕಂಡಿತು. ಅಂಪೈರ್ ಜಿಮ್ ಜಾಯ್ಸ್ ಮಾತ್ರ ಎರಡೂ ಕೈ ಚಾಚಿ ಸೇಫ್ ಅಂದರು. ಗಲರಾಗಾ ಕೂಗಲಿಲ್ಲ. ಮುಗುಳ್ನಕ್ಕು ದಿಬ್ಬಕ್ಕೆ ವಾಪಸ್ ನಡೆದ, ಮುಂದಿನವನನ್ನು ಔಟ್ ಮಾಡಿ ಮ್ಯಾಚ್ ಗೆಲ್ಲಿಸಿದ. ಆಮೇಲೆ ವಿಡಿಯೋ ನೋಡಿದ ಜಾಯ್ಸ್ ತಪ್ಪು ಒಪ್ಪಿಕೊಂಡು ಕಣ್ಣೀರಿಟ್ಟು ಕ್ಷಮೆ ಕೇಳಿದರು. ಮರುದಿನ ಅದೇ ಮೈದಾನದಲ್ಲಿ ಅದೇ ಅಂಪೈರ್. ತಂಡದ ಪಟ್ಟಿಯನ್ನು ಅವರ ಕೈಗೆ ಕೊಡಲು ಡೆಟ್ರಾಯ್ಟ್ ತಂಡ ಕಳಿಸಿದ್ದು ಗಲರಾಗಾನನ್ನೇ. ಜಾಯ್ಸ್ ಕಣ್ಣೊರೆಸಿಕೊಂಡರು, ಅವನ ಭುಜ ತಟ್ಟಿದರು. ದಾಖಲೆಯಲ್ಲಿ ಅದು ಇವತ್ತಿಗೂ ಪರ್ಫೆಕ್ಟ್ ಗೇಮ್ ಅಲ್ಲ. ನಾನು ಅದನ್ನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಮುಂದಿನ ಸಲ ಹೋದಾಗ ಚೆಂಡನ್ನು ನೋಡಬೇಡಿ, ಕ್ಯಾಚರ್‌ನ ಗ್ಲೌಸ್ ನೋಡಿ. ಎಸೆಯುವ ಮೊದಲು ಅದು ಎಲ್ಲಿದೆ, ಚೆಂಡು ಬಂದಾಗ ಎಲ್ಲಿಗೆ ಹೋಯಿತು, ಅಷ್ಟು ಗಮನಿಸಿದರೆ ಸಾಕು, ಪಿಚರ್ ಅಂದುಕೊಂಡದ್ದೇನು, ಆದದ್ದೇನು ಅಂತ ಗೊತ್ತಾಗುತ್ತದೆ. ಒಂದು ಇನಿಂಗ್ಸ್ ಮುಗಿದ ಮೇಲೆ ಮೊಮ್ಮಗನ ಕೈಯಿಂದ ಪೆನ್ಸಿಲ್ ಇಸ್ಕೊಳ್ಳಿ. ಬರೆಯುವಾಗ ತಪ್ಪಾದರೆ ಅವನೇ ತಿದ್ದುತ್ತಾನೆ. ಅವನು ಬರೆದ ಹಾಳೆಗಳಲ್ಲಿ ಒಂದನ್ನು ಕೇಳಿ ತೆಗೆದುಕೊಂಡು ಬಂದರೆ, ಫೋಟೋ ತೆಗೆದು ನನಗೂ ಕಳಿಸಿ. ಓದಬೇಕು ಅಂತ ಆಸೆಯಾಗಿದೆ.