ಟಿವಿ ಸಂಗೀತ ಸ್ಪರ್ಧೆಯ ಫೈನಲಿಸ್ಟ್‌ಗಳು ನಮ್ಮ ಕಾಸರಗೋಡಿನ ಸ್ಟೇಜಿನಲ್ಲಿ ಹಾಡಿದರೆ ಟಿವಿಯಷ್ಟು ಚೆನ್ನಾಗಿ ಕೇಳಿಸಲ್ಲ, ಯಾಕೆ?

ಹೆಚ್ಚಿನ ಸಲ ಅದು ಗಾಯಕರ ತಪ್ಪಲ್ಲ, ಸೌಂಡಿನ ತಪ್ಪು. ಟಿವಿಯಲ್ಲಿ ನಾವು ಕೇಳುವುದು ರೆಕಾರ್ಡ್ ಆಗಿ, ಮಿಕ್ಸ್ ಆಗಿ ಬಂದ ಹಾಡು. ಶ್ರುತಿ ಸ್ವಲ್ಪ ತಪ್ಪಿದ್ದರೆ ಸರಿಮಾಡುವ ಸಾಫ್ಟ್‌ವೇರೂ ಇದೆ.

ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಬಯಲಲ್ಲಿ ಹಾಡುವಾಗ ಆ ಅನುಕೂಲ ಎಲ್ಲಿಂದ ಬರಬೇಕು? ಸ್ಟೇಜಿನ ಅಂಚಿನಲ್ಲಿ ಗಾಯಕರ ಕಡೆ ಮುಖ ಮಾಡಿದ ಓರೆ ಸ್ಪೀಕರ್ ಇರುತ್ತದಲ್ವಾ, ಅದು ಮಾನಿಟರ್. ಅದು ಕೈಕೊಟ್ಟರೆ ಡ್ರಮ್ಸ್ ಅಬ್ಬರದಲ್ಲಿ ಅವರ ಸ್ವರ ಅವರಿಗೇ ಕೇಳಿಸಲ್ಲ. ಗಾಯಕರು ಒಂದು ಕಿವಿಗೆ ಕೈ ಇಟ್ಟುಕೊಂಡು ಹಾಡುತ್ತಾ, ಇನ್ನೊಂದು ಕೈಯಲ್ಲಿ ಸೌಂಡಿನವರಿಗೆ 'ಜಾಸ್ತಿ ಮಾಡಿ' ಅಂತ ಸನ್ನೆ ಮಾಡಿದರೆ ವಿಷಯ ಇದೇ ಅಂತ ತಿಳಿಯಿರಿ.

ರಿಹರ್ಸಲ್ ಇನ್ನೊಂದು ಕಾರಣ. 2002ರಲ್ಲಿ ಅಮೆರಿಕನ್ ಐಡಲ್ ಅನ್ನುವ ಟಿವಿ ಹಾಡಿನ ಸ್ಪರ್ಧೆಯ ಮೊದಲ ಹತ್ತು ಮಂದಿ ಟೂರ್ ಹೊರಟಂತೆ ಒಂದೇ ತಂಡ ಊರೂರು ಸುತ್ತಿದರೆ ಹಾಡುಗಳು ಪಳಗುತ್ತವೆ. ನಮ್ಮಲ್ಲಿ ಗಾಯಕರು ಬೆಂಗಳೂರಿನಿಂದ ಬಂದರೆ, ವಾದ್ಯದವರು ಎಷ್ಟೋ ಸಲ ಸ್ಥಳೀಯರು. ಅದರ ಮೇಲೆ ಕನ್ನಡ, ತುಳು, ಮಲಯಾಳ, ಹಿಂದಿ ಎಲ್ಲ ಬೇಕು! ಕೆಲವರು ವಾದ್ಯಗಳ ಟ್ರ್ಯಾಕ್ ಹಾಕಿಕೊಂಡು ಹಾಡುವುದೂ ಇದಕ್ಕೇ. ಅದು ಮೋಸ ಅಂತ ನನಗನ್ನಿಸಲ್ಲ, ಸ್ವರ ಲೈವ್ ಇದ್ದರೆ ಸಾಕು.

ರಾತ್ರಿ 10ರ ನಂತರ ಮೈಕಿಗೆ ನಿರ್ಬಂಧ ಬೇರೆ. ಭಾಷಣ, ಸನ್ಮಾನ ಉದ್ದವಾದರೆ ಸುಮ್ನೆ ಹಾಡುಗಳಿಗೆ ಕತ್ತರಿ ಬೀಳುತ್ತದೆ. ನೀವೇ ಸಂಘಟಕರಾದರೆ ಸಂಜೆ ಜನ ಸೇರುವ ಮೊದಲೇ ಸೌಂಡ್ ಚೆಕ್ ಮುಗಿಸಿ, ಸನ್ಮಾನವನ್ನು ಮೊಟಕು ಮಾಡಿ.